ಮಾಕುಟ್ಟದ ಏರು ಮತ್ತು ಸಿದ್ದಬಸಪ್ಪ ಮೇಷ್ಟ್ರು

ಕೊಡಗಿನಲ್ಲಿ ಸೈಕಲ್ ರೇಸಿನ ಮಾತು ಎದ್ದಲ್ಲೆಲ್ಲ ಮೊದಲು ಕೇಳಿಬರುವ ಹೆಸರು ಶ್ರೀ ಸಿದ್ದಬಸಪ್ಪನವರದು. ಶನಿವಾರಸಂತೆಯ ಕಡೆಯಿಂದ ಬಂದು, ಮೂರ್ನಾಡಿನ ಶಾಲೆಯೊಂದರಲ್ಲಿ ಮೂವತ್ತೆರಡು ವರ್ಷ ವ್ಯಾಯಾಮ ಶಿಕ್ಷಕರಾಗಿದ್ದು ಈಗ ನಿವೃತ್ತರಾಗುತ್ತಿರುವ ಅವರು, ಮಾಕುಟ್ಟದಿಂದ ಭಾಗಮಂಡಲದವರೆಗಿನ ಒಂದು ದಿನದ ವೃತ್ತಿಪರ ರೇಸಿಗೆ ಮೊದಲಿನಿಂದಲೂ ಮುಖ್ಯ ತೀರ್ಪುಗಾರರು. ಅವರನ್ನು ಹೊಗಳುವ ಯೋಗ್ಯತೆ ಶಿಷ್ಯ ಲೋಕೇಶನಿಗಿಲ್ಲ. ಈ ಲೇಖನ ಬರೆಯುತ್ತಿರುವವನು ಆ ಲೋಕೇಶನೇ. ‘ನಾನು’ ಎನ್ನಲು ಮುಖವಿಲ್ಲದೆ ‘ಅವನು’ ಎಂದು ಬರೆದುಕೊಂಡಿದ್ದಾನೆ.

ಲೋಕೇಶ, ಬೊಮ್ಮ ಇಬ್ಬರನ್ನೂ ರೇಸಿಗೆ ತಯಾರು ಮಾಡಿದವರು ಮೇಷ್ಟ್ರೇ. ಕಾಫಿ ಎಸ್ಟೇಟಿನ ಕೂಲಿ ಲೈನಿನಲ್ಲಿ ಬೆಳೆದ ಬೊಮ್ಮನಿಗೆ ತಮ್ಮ ಸೈಕಲ್ಲನ್ನೇ ಕೊಟ್ಟು, ಎರಡು ವರ್ಷ ತಾವು ಶಾಲೆಗೆ ನಡೆದು ಬಂದರು. ಲೋಕೇಶನ ಮುರಿದ ಕಾಲಿನ ಪ್ಲಾಸ್ಟರ್ ಬಿಚ್ಚಿದ ಮೇಲೆ ದಿನವೂ ಮನೆಗೆ ಬಂದು ಹೆಗಲು ಕೊಟ್ಟು ನಡೆಸಿದರು. ಮುಂದೆ ಇಬ್ಬರೂ ಸಂಬಳ ಕೊಡುವ ಬೇರೆ ಬೇರೆ ತಂಡಗಳಿಗೆ ಸೇರಿದರು.

ಎಂಟು ವರ್ಷದ ಹಿಂದಿನ ರೇಸು. ಮಾಕುಟ್ಟದ ಘಾಟಿಯ ತುಂಬ ಮಂಜು. ಎಲ್ಲರಿಗಿಂತ ಮುಂದಿದ್ದವರು ಇವರಿಬ್ಬರೇ. ಲೋಕೇಶನಿಗೆ ಉಸಿರು ಸಾಲುತ್ತಿರಲಿಲ್ಲ. ಅವನ ತಂಡದ ಜೀಪಿನವನು ನೀರಿನ ಬಾಟಲಿ ಚಾಚಿದ. ಲೋಕೇಶ ಹಿಡಿದವನು ಬಿಡಲಿಲ್ಲ, ಜೀಪಿನವನೂ ಬಿಡಲಿಲ್ಲ. ಮೂರು ತಿರುವು ಜೀಪೇ ಅವನನ್ನು ಎಳೆಯಿತು. ಹಿಂದೆ ಬಿದ್ದ ಬೊಮ್ಮ ಅದನ್ನು ಕಣ್ಣಾರೆ ಕಂಡ. ಭಾಗಮಂಡಲದಲ್ಲಿ ಲೋಕೇಶ ಮೊದಲಿಗ, ಬೊಮ್ಮ ಎರಡನೆಯವ.

ಬೊಮ್ಮ ದೂರು ಹೇಳಿದ. ತಾವು ಕಾಣದ್ದನ್ನು ಸವಾರನನ್ನೇ ಕೇಳಿ, ಅವನ ಮಾತನ್ನೇ ಬರೆದುಕೊಳ್ಳುವುದು ಮೇಷ್ಟ್ರ ಪದ್ಧತಿ.

“ಜೀಪು ಹಿಡಿದ್ಯೇನೋ ಲೋಕೇಶ?”

“ಕಾವೇರಮ್ಮನಾಣೆ ಇಲ್ಲ ಸಾರ್.”

ಥೂ, ಎಂಥ ನಾಲಿಗೆ! ಆ ಕಾವೇರಿಯ ಸಂಗಮದ ಪಕ್ಕದಲ್ಲೇ ನಿಂತು ಆಡಿದ ಮಾತದು. ಮೇಷ್ಟ್ರು ನಂಬಿದರು. ಬೊಮ್ಮನ ಕಡೆ ತಿರುಗಿ, “ಗೆದ್ದೋನ ಮೇಲೆ ಗೂಬೆ ಕೂರಿಸ್ತೀಯಾ? ಕ್ಷಮೆ ಕೇಳು” ಎಂದು ಎಲ್ಲರೆದುರು ಗದರಿದರು. ಬೊಮ್ಮ ಲೋಕೇಶನ ಕೈ ಹಿಡಿದು ಕ್ಷಮೆ ಕೇಳಿದ. ಮರುವರ್ಷ ಅವನನ್ನು ತಂಡದವರು ಕೈಬಿಟ್ಟರು. ಲೋಕೇಶ ಹಾರ ಹಾಕಿಸಿಕೊಂಡು ತಿರುಗಿದ, ಮಾನಗೆಟ್ಟವನು.

ಮೇಷ್ಟ್ರ ನಿವೃತ್ತಿಗೆಂದು ತರುತ್ತಿರುವ ಈ ಅಭಿನಂದನ ಸಂಪುಟಕ್ಕೆ ಲೇಖನ ಕೇಳಿದಾಗ ಅವನಿಗೆ ಒಂದು ಸಾಲೂ ಬರೆಯಲಾಗಲಿಲ್ಲ. ಕಳೆದ ತಿಂಗಳು ಮೇಷ್ಟ್ರ ಮನೆಗೆ ಹೋಗಿ ಎಲ್ಲವನ್ನೂ ಹೇಳಿಬಿಟ್ಟ. ಅವರು ಬೈದಿದ್ದರೆ ಬದುಕಿಕೊಳ್ಳುತ್ತಿದ್ದ. ಬೈಯಲಿಲ್ಲ, ಎದ್ದು ಚಪ್ಪಲಿ ಮೆಟ್ಟಿದರು.

“ಅವನ ಕೈಲಿ ಕ್ಷಮೆ ಕೇಳ್ಸಿದ್ದು ನಾನು ಕಣೋ. ನಡಿ, ಹೋಗಣ.”

ಮೂರ್ನಾಡಿನಲ್ಲಿ ಬೊಮ್ಮನದು ಪಂಚರ್ ಅಂಗಡಿ. ಲೋಕೇಶ ಬಾಯಿ ತೆರೆಯುವ ಮೊದಲೇ ಗುರುಗಳು ಕೈಮುಗಿದರು. “ತಪ್ಪಾಯ್ತಪ್ಪ ಬೊಮ್ಮ. ನಿನ್ನ ಮಾತೂ ಕೇಳ್ಬೇಕಿತ್ತು ನಾನು.”

“ಅಯ್ಯೋ, ನೀವ್ಯಾಕೆ ಸಾರ್!” ಬೊಮ್ಮ ಗಾಬರಿಯಾಗಿ ಆ ಕೈಗಳನ್ನು ಹಿಡಿದುಕೊಂಡ. ಆಮೇಲೆ ಲೋಕೇಶ ಕ್ಷಮೆ ಕೇಳಿದ. ಬೊಮ್ಮ ಅವನ ಮುಖ ನೋಡದೆ “ಹೂಂ” ಎಂದಷ್ಟೇ ಹೇಳಿ, ಟ್ಯೂಬನ್ನು ಮತ್ತೆ ನೀರಿಗೆ ಅದ್ದಿದ.

ಪೂಜ್ಯ ಗುರುಗಳು ನೂರ್ಕಾಲ ಬಾಳಲಿ. ಸೀಟಿ ಹಿಡಿದು ಇನ್ನೂ ಹಲವು ವರ್ಷ ಘಾಟಿಯ ತಿರುವುಗಳಲ್ಲಿ ನಿಲ್ಲಲಿ. ಅವರ ಆಜ್ಞೆಯಂತೆ, ಈ ಸಂಪುಟದ ಕೊನೆಯಲ್ಲಿ ಅಚ್ಚಾಗಿರುವ ಫಲಿತಾಂಶದ ಪಟ್ಟಿಯಲ್ಲಿ ಆ ವರ್ಷದ ಮೊದಲ ಸ್ಥಾನ ಬೊಮ್ಮನದು. ಲೋಕೇಶನ ಹೆಸರು ಅಲ್ಲಿಲ್ಲ. ಆ ಪಟ್ಟಿಯನ್ನು ಗುರುಗಳು ಬರೆಸಿದ್ದು ಲೋಕೇಶನ ಕೈಯಲ್ಲೇ.