ಹೊಂಗೆ ಸವರುವ ಕತ್ತರಿ

ಆ ಸಲ ನನ್ನ ಹೆಂಡತಿ ಬಸುರಿಯಾದಾಗ ನನ್ನ ಪಾಲಿಗೆ ಉಳಿದಿದ್ದ ಕೆಲಸ ಒಂದೇ. ಅದನ್ನೂ ಮಾಡಬೇಡ ಅಂದಳು ಅವ್ವ.

ಅದಕ್ಕೂ ಮೊದಲು ಎರಡು ಸಲ ಗರ್ಭ ನಿಂತಿರಲಿಲ್ಲ. ಹಾಗಾಗಿ ಚಾಮರಾಜನಗರದ ಡಾಕ್ಟರಮ್ಮ ಈ ಸಲ ಮಂಚ ಬಿಟ್ಟು ಇಳಿಯಲೇಬೇಡಿ ಅಂದಿದ್ದರು. ಸ್ವಲ್ಪ ನೋವು ಕಾಣಿಸಿಕೊಂಡರೂ ತಡಮಾಡದೆ ಕರೆತರಬೇಕು, ನಡೆಸಲೇಬಾರದು. ನಮ್ಮ ಮನೆಯೋ ಗುಂಡ್ಲುಪೇಟೆಯ ಅಂಚಿನಲ್ಲಿ, ರಸ್ತೆಯಿಂದ ಒಂದು ಓಣಿಯೊಳಗೆ. ಓಣಿಯ ಒಂದು ಕಡೆ ಹೊಂಗೆ ಮರ, ಇನ್ನೊಂದು ಕಡೆ ಕಾಗದದ ಹೂವಿನ ಮುಳ್ಳುಪೊದೆ. ಎರಡೂ ಯಾರ ಅಂಕೆಗೂ ಸಿಗದೆ ಬೆಳೆದು ಒಂದಕ್ಕೊಂದು ಹೆಣೆದುಕೊಂಡಿದ್ದವು. ನಾವೇನೋ ತಲೆ ತಗ್ಗಿಸಿ ನುಸುಳುತ್ತಿದ್ದೆವು. ಟಾಪು ಹರಿಯುತ್ತದೆ ಅಂತ ಆಟೋದವರು ಮಾತ್ರ ಒಳಗೆ ಬರುತ್ತಿರಲಿಲ್ಲ.

ಒಂದು ಭಾನುವಾರ ಮಚ್ಚು ಹಿಡಿದು ಹೊರಟೆ. ಅವ್ವ ಬಾಗಿಲಿಗೆ ಅಡ್ಡ ನಿಂತಳು. ಬಸುರಿ ಹೆಂಡತಿಯ ಗಂಡ ಮರ ಕಡಿಯಬಾರದು, ತೆಂಗಿನಕಾಯಿಯನ್ನೂ ಒಡೆಯಬಾರದು, ಇಷ್ಟೂ ಗೊತ್ತಿಲ್ಲವಾ ಅಂತ ತರಾಟೆಗೆ ತೆಗೆದುಕೊಂಡಳು. ಗೊತ್ತಿತ್ತು, ನಂಬಿಕೆ ಇರಲಿಲ್ಲ ಅಷ್ಟೆ. ಆದರೆ ಎರಡು ಸಲ ಕಳೆದುಕೊಂಡ ಮನೆಯಲ್ಲಿ ನಂಬದವನ ಮಾತು ನಡೆಯುವುದಿಲ್ಲ. ಮಚ್ಚನ್ನು ವಾಪಸ್ ಅಟ್ಟಕ್ಕೆ ಸೇರಿಸಿದೆ.

ತೆರಕಣಾಂಬಿಯಿಂದ ಮರ ಸವರುವವನೊಬ್ಬನನ್ನು ಕರೆಸಿದೆ. ಬಂದ, ಮರವನ್ನು ಸುತ್ತು ಹಾಕಿ ನೋಡಿದ, ಟೀ ಕುಡಿದ. ಇಷ್ಟು ಅವಸರ ಯಾಕೆ ಅಂತ ಅವ್ವ ವಿವರಿಸುತ್ತಿದ್ದ ಹಾಗೆ ಅವನ ಮುಖ ಸಪ್ಪಗಾಯಿತು. ಅವನ ಹೆಂಡತಿಯೂ ಬಸುರಿಯಂತೆ. ಕೂಲಿಗೆ ಕಡಿದರೆ ದೋಷವಿಲ್ಲ ಅಂದುಕೊಂಡಿದ್ದನಂತೆ ಪಾಪ. ಅವ್ವ ಅವನಿಗೂ ಬುದ್ಧಿ ಹೇಳಿ ಕಳಿಸಿಬಿಟ್ಟಳು. ಬೇರೆ ಆಳು ಹುಡುಕೋಣ ಅಂದರೆ ಅರಿಶಿನ ಕೀಳುವ ಕಾಲ, ಯಾರೂ ಕೈಗೆ ಸಿಗಲಿಲ್ಲ.

ಕೊನೆಗೆ ನನಗೊಂದು ಲಾಯರ್ ಬುದ್ಧಿ ಹೊಳೆಯಿತು. ಅವ್ವ ಬೇಡ ಅಂದಿದ್ದು ಮಚ್ಚು ಕೊಡಲಿಗೆ, ಕತ್ತರಿಗಲ್ಲವಲ್ಲ! ಚಾಮರಾಜನಗರದಲ್ಲಿ ಆಫೀಸು ಮುಗಿಸಿಕೊಂಡು ನೇರವಾಗಿ ತೋಟದ ಸಾಮಾನಿನ ಅಂಗಡಿಗೆ ಹೋದೆ. ಅಂಗಡಿಯವರು ಉದ್ದ ಹಿಡಿಯ ಕತ್ತರಿಗಳನ್ನು ತಂದು ಮುಂದಿಟ್ಟರು. ಒಂದರ ಅಲಗುಗಳು ಒಂದನ್ನೊಂದು ಉಜ್ಜಿಕೊಂಡು ಹೋಗುತ್ತವೆ, ಹಸಿ ಕೊಂಬೆಯನ್ನು ಜಜ್ಜುವುದಿಲ್ಲ. ಇನ್ನೊಂದರ ಅಲಗು ದಪ್ಪ ಪಟ್ಟಿಯ ಮೇಲೆ ಬಂದು ಕೂರುತ್ತದೆ, ಒಣಕೊಂಬೆಗೆ ಅದೇ ಸರಿ. ಮತ್ತೊಂದಕ್ಕೆ ಹಲ್ಲಿನ ಚಕ್ರ. ಒತ್ತಿ ಬಿಟ್ಟು, ಒತ್ತಿ ಬಿಟ್ಟು ಮಾಡಿದರೆ ಕಟಕಟ ಅಂತ ಅಲಗು ಮೆಲ್ಲಗೆ ಒಳಗಿಳಿಯುತ್ತದೆ. ಕೈಯಲ್ಲಿ ಬಲ ಇಲ್ಲದವರಿಗೂ ಆಗುತ್ತದಂತೆ. ನಾನು ಮೊದಲನೆಯದನ್ನೇ ಎತ್ತಿಕೊಂಡೆ. ಒಳ್ಳೆ ತೂಕ, ಗಟ್ಟಿ ಹಿಡಿ. ಒಂದೇ ಸಂಜೆಗೆ ಇಡೀ ಓಣಿಯನ್ನು ಬೋಳಿಸಿಬಿಡುತ್ತೇನೆ ಅನ್ನುವ ಹುಮ್ಮಸ್ಸು ಬಂತು.

"ಯಾರು ಸಾರ್ ಹಿಡಿಯೋರು?" ಅಂತ ಕೇಳಿದರು ಅಂಗಡಿಯವರು.

ನಾನೇ ಅನ್ನಲು ಬಾಯಿ ತೆರೆದೆ. ಬಾಗಿಲಿಗೆ ಅಡ್ಡ ನಿಂತ ಅವ್ವ ಕಣ್ಣ ಮುಂದೆ ಬಂದಳು. ಕೈಯಲ್ಲಿದ್ದುದನ್ನು ವಾಪಸ್ ಇಟ್ಟು ಹಲ್ಲಿನ ಚಕ್ರದ್ದನ್ನು ಕಟ್ಟಿಸಿಕೊಂಡೆ. ವಾದ ಮಾಡುವ ಮೊದಲೇ ಸೋತಿದ್ದೆ, ನನ್ನ ಮೇಲೇ ಸಿಟ್ಟು ಬಂತು.

ಆದರೂ ಮನೆಗೆ ಬಂದು ವಾದ ಹೂಡಿದೆ. ಇದು ಕಡಿಯುವುದಲ್ಲವ್ವ, ಬರೀ ಕೂದಲು ಕತ್ತರಿಸಿದ ಹಾಗೆ ಅಂದೆ. ಅವ್ವ ಅಲಗಿನ ಮೇಲೆ ಬೆರಳಾಡಿಸಿ ನೋಡಿದಳು.

"ಕೊಂಬೆ ಕತ್ತರಿಸ್ತದೆ ತಾನೆ?" ಅಂದಳು.

ಮರುದಿನ ಸೆರಗು ಸಿಕ್ಕಿಸಿಕೊಂಡು ಅವಳೇ ಸ್ಟೂಲು ಹತ್ತಿದಳು. ಬಿದ್ದ ಕೊಂಬೆ ಎಳೆದು ಹಾಕಲಿಕ್ಕೂ ನನ್ನನ್ನು ಬಿಡಲಿಲ್ಲ. ಗಟ್ಟಿಮುಟ್ಟಾದ ಗಂಡಸು ನಾನು, ಸ್ಟೂಲಿನ ಕಾಲು ಹಿಡಿದುಕೊಂಡು ನಿಂತಿದ್ದೆ. ಅವ್ವನ ತೋಳು ನಡುಗುತ್ತಿತ್ತು, ಕತ್ತರಿ ಕಟಕಟ ಅನ್ನುತ್ತಿತ್ತು, ಎಲೆಯೆಲ್ಲ ನನ್ನ ತಲೆಯ ಮೇಲೆ. ಹೆಂಡತಿ ಕಿಟಕಿ ಪಕ್ಕದ ಮಂಚದಿಂದಲೇ ಮೇಸ್ತ್ರಿಕೆ ಮಾಡುತ್ತಿದ್ದಳು. ಬಲಗಡೆ ಇನ್ನೊಂಚೂರು ಅತ್ತೆ, ಇವರ ತಲೇನೂ ಹಾಗೇ ಸವರಿಬಿಡಿ ಅಂತ ನಕ್ಕಳು. ಆ ತಿಂಗಳುಗಳಲ್ಲಿ ಅವಳು ಅಷ್ಟು ನಕ್ಕಿದ್ದನ್ನು ನಾನು ಮತ್ತೆ ನೋಡಲಿಲ್ಲ. ಸಂಜೆಯ ಹೊತ್ತಿಗೆ ಓಣಿಯಲ್ಲಿ ಆಕಾಶ ಕಾಣಿಸಿತು.

ಕೆಲವು ವಾರಗಳ ನಂತರ ಒಂದು ಬೆಳಿಗ್ಗೆ ನೋವು ಬಂತು. ಆಟೋ ನೇರವಾಗಿ ಬಾಗಿಲಿಗೇ ಬಂತು, ಒಂದು ಎಲೆಯೂ ತಾಗಲಿಲ್ಲ. ಒಂದು ನಿಮಿಷವನ್ನೂ ಹಾಳು ಮಾಡದೆ ಆಸ್ಪತ್ರೆ ಸೇರಿದೆವು. ಆದರೂ ಮಗು ಉಳಿಯಲಿಲ್ಲ.

ಹೆಂಡತಿಯನ್ನು ಮನೆಗೆ ಕರೆತಂದ ದಿನ ಅವ್ವ ನನ್ನನ್ನು ಹಿತ್ತಲಿಗೆ ಕರೆದಳು. "ಆಚೆ ರೆಂಬೇಲಿ ಮೊಗ್ಗಿತ್ತು ಕಣಪ್ಪ. ಕಾಣ್ಲೇ ಇಲ್ಲ, ಕತ್ತರಿಸ್ಬುಟ್ಟೆ," ಅಂದಳು. ಅದಕ್ಕೂ ಇದಕ್ಕೂ ಸಂಬಂಧವಿಲ್ಲ, ನಾನು ಕಡಿದಿದ್ದರೂ ಇಲ್ಲ, ನೀನು ಕಡಿದರೂ ಇಲ್ಲ ಅಂದೆ. ಡಾಕ್ಟರಮ್ಮ ಹೇಳಿದ ಕಾರಣವನ್ನೆಲ್ಲ ಬಿಡಿಸಿ ಹೇಳಿದೆ. ಸಮಾಧಾನಕ್ಕೆ ಹೇಳುತ್ತಿದ್ದಾನೆ ಅಂದುಕೊಂಡು ಸುಮ್ಮನೆ ಹೂಂಗುಟ್ಟಿದಳು. ಜೀವಮಾನವಿಡೀ ಅವಳ ನಂಬಿಕೆಗಳನ್ನು ಗೇಲಿ ಮಾಡಿದವನಿಗೆ ಅವತ್ತು ಅವುಗಳಲ್ಲಿ ಒಂದನ್ನಾದರೂ ಕಿತ್ತುಹಾಕುವ ಶಕ್ತಿ ಇದ್ದಿದ್ದರೆ ಅನ್ನಿಸಿತು.

ಮಳೆ ಬಿದ್ದ ಮೇಲೆ ಹೊಂಗೆ ಚಿಗುರಿತು. ರೆಂಬೆಗಳು ಮತ್ತೆ ಓಣಿಗೆ ಬಾಗಿದವು. ಒಂದು ಬೆಳಿಗ್ಗೆ ಅವ್ವ ಕತ್ತರಿ ತಂದು ನನ್ನ ಕೈಗೆ ಕೊಟ್ಟಳು.

"ಈಗ ನೀನೇ ಕತ್ತರಿಸ್ಬೋದು ಕಣಪ್ಪ."

ಹೇಳಿದ ಮೇಲೇ ಆ ಮಾತಿನ ಅರ್ಥ ಅವಳಿಗೂ ಹೊಳೆದದ್ದು. ತಿರುಗಿ ಒಳಗೆ ಹೋಗಿಬಿಟ್ಟಳು. ಹೆಂಡತಿ ಕಿಟಕಿಯ ಹತ್ತಿರ ನಿಂತಿದ್ದಳು. ನಾನು ಕೈಗೆಟುಕಿದ ಕೊಂಬೆಗೆ ಅಲಗು ಹಾಕಿ, ಯಾರಾದರೂ ಬೇಡ ಅನ್ನಲಿ ಅಂತ ಸ್ವಲ್ಪ ಹೊತ್ತು ಕಾದೆ.