ಕೊನೆಯಲ್ಲಿ ಸೇರಿಸಿದ ಒಂದು ‘ಚಿ’

ಶೈಲಾ, ನಿನ್ನ ಮಾವ ಸಾಯುವ ಮೊದಲು ಹೇಳಿದ ಮಾತನ್ನು ನಾನು ತಿರುಚಿ ಹೇಳಿದೆ. ಅವರು ಹೇಳಿದ್ದಕ್ಕೆ ತೀರಾ ಎದುರಾದದ್ದನ್ನು ನಿನಗೆ ಹೇಳಿದೆ. ಬಾಯಿ ತಪ್ಪಿ ಬಂದದ್ದಲ್ಲ, ಗೊತ್ತಿದ್ದೇ ಹೇಳಿದ್ದು. ನಿನ್ನ ಗಂಡ, ನನ್ನ ಮಗ ಸುಧೀರ, ಅದನ್ನು ತಂದೆಯ ಮಾತೆಂದು ನಂಬಿ ಬದುಕಿದ. ನಂಬಿಕೊಂಡೇ ಹೋದ.

ಎದುರು ಕುಳಿತು ಹೇಳಬೇಕೆಂದು ಎಷ್ಟೋ ಸಲ ನೋಡಿದೆ. ನೀನು ಶಾಲೆಯಿಂದ ಬಂದು ಚಹಾಕ್ಕೆ ನೀರಿಡುತ್ತಿ, “ಅತ್ತಿ, ಮೊದಲ ಎರಡು ಬಿಸ್ಕೀಟು ತಿನ್ರಿ” ಅನ್ನುತ್ತಿ — ನಾನು ಬಿಸ್ಕೀಟಿನ ಡಬ್ಬಿಗೆ ಕೈ ಹಾಕುತ್ತೇನೆ. ಆದರೆ ಕಳೆದ ವಾರ ಪುಣೆಯ ಶಾಲೆಯವರಿಗೆ ನೀನು ಫೋನಿನಲ್ಲಿ ಬರುವುದಿಲ್ಲ ಎಂದದ್ದು ಅಡಿಗೆಮನೆಗೆ ಕೇಳಿಸಿತು. ಒಳ್ಳೆಯ ಕೆಲಸ, ಇರಲು ಮನೆ, ಮಗಳು ಅನುವಿಗೆ ಅಲ್ಲೇ ಓದು — ಎಲ್ಲವನ್ನೂ ನೀನು ಬೇಡವೆಂದೆ. ಯಾಕೆ ಎಂದು ನಾನು ಕೇಳಿದೆ. “ಮಾವಾರು ಹೇಳಿ ಹೋದ ಮನಿರೀ ಇದು. ಅವರ ಮಗಾನೂ ಬಿಡಲಿಲ್ಲ. ನಾ ಹೆಂಗ ಬಿಡ್ಲಿ?” ಎಂದೆ. ಆಮೇಲೂ ನಾನು ಸುಮ್ಮನಿದ್ದರೆ — ಮಗನಿಗೆ ಮಾಡಿದ್ದನ್ನು ನಿನಗೂ ನಿನ್ನ ಮಗಳಿಗೂ ಮಾಡಿದ ಹಾಗೆ. ಹತ್ತನೆಯ ತರಗತಿಯವರೆಗೆ ಓದಿದ ಕನ್ನಡ ನನ್ನದು. ಬಂದ ಹಾಗೆ ಬರೆಯುತ್ತೇನೆ.

ಈ ಡೊಂಬಿವಲಿಯ ಮನೆ ನನಗೆ ಏನಾಗಿತ್ತೆಂದು ನಿನಗೆ ಪೂರ್ತಿ ಗೊತ್ತಿಲ್ಲ. ಮದುವೆಯಾದ ಮೇಲೂ ನಿನ್ನ ಮಾವ ಮುಂಬಯಿ ಫೋರ್ಟಿನ ಹೋಟೆಲಿನ ಅಟ್ಟದ ಮೇಲೆ, ಹತ್ತು ಜನರ ನಡುವೆ, ಚಾಪೆ ಹಾಸಿ ಮಲಗುತ್ತಿದ್ದರು. ನಾನು ಉಡುಪಿಯ ಕಡೆ ತಾಯಿಮನೆಯಲ್ಲಿ. ಸುಧೀರ ಹುಟ್ಟಿದಾಗಲೂ ಅವರು ಅಟ್ಟದ ಮೇಲೆಯೇ. ಆಮೇಲೆ ಕಲ್ಯಾಣದ ಹೋಟೆಲಿನಲ್ಲಿ ಮ್ಯಾನೇಜರ್ ಆದರು, ಈ ಎರಡು ಕೋಣೆ ಕೊಂಡರು, ನಮ್ಮನ್ನು ಕರೆಸಿಕೊಂಡರು. ಗಂಡ ಸಂಜೆ ಮನೆಗೆ ಬರುವುದನ್ನು ನಾನು ಮೊದಲು ಕಂಡದ್ದು ಈ ಬಾಗಿಲಲ್ಲಿ. ಅದಕ್ಕೇ ಈ ಬಾಗಿಲನ್ನು ನಾನು — ಇಲ್ಲ, ಇದನ್ನು ನೆಪವಾಗಿ ಹೇಳಬಾರದು.

ಸುಧೀರ ಪೈಲಟ್ ಆದಾಗ ಬಿಲ್ಡಿಂಗಿನವರೆಲ್ಲ ಮಿಠಾಯಿ ಹಂಚಿದರು. ಬಾಗಿಲಿನ ಮೇಲೆ ಅವನ ಹೆಸರಿನ ಹಿಂದೆ ‘ಕ್ಯಾಪ್ಟನ್’ ಎಂದು ಬರೆಸಬೇಕೆಂದು ಹಟ ಹಿಡಿದವಳು ನಾನು. “ಅಮ್ಮ, ಇನ್ನೂ ಕ್ಯಾಪ್ಟನ್ ಆಗಿಲ್ಲ, ಪಕ್ಕದ ಸೀಟಿನವನು ಮಾರಾಯ್ತಿ,” ಎಂದು ನಗುತ್ತಿದ್ದ. ತರಕಾರಿಯವನೂ ನನ್ನನ್ನು ‘ಪೈಲಟ್ ಕೀ ಮಮ್ಮಿ’ ಅನ್ನುತ್ತಿದ್ದ. ನನಗೆ ಅದು ಬೇಕಿತ್ತು, ಶೈಲಾ. ಮರೋಳ್‌ನಲ್ಲಿ ವಿಮಾನ ನಿಲ್ದಾಣದ ಪಕ್ಕ, ಬಿಲ್ಡಿಂಗಿಗೆ ನಾಲ್ಕು ಪೈಲಟ್‌ಗಳು. ಅಲ್ಲಿ ನಾನು ಯಾರ ಮಮ್ಮಿ?

ನೀನು ಕಲ್ಯಾಣದ ರೈಲ್ವೆ ಕ್ವಾರ್ಟರ್ಸಿನಿಂದ ಸೊಸೆಯಾಗಿ ಬಂದೆ. ಧಾರವಾಡದ ಕನ್ನಡ ನಿನ್ನದು, ನಮ್ಮ ತುಳು ಒಂದಕ್ಷರ ಬಾರದು. ಮೊದಲ ದಿನ ನೀನು ಅನ್ನ ಬಡಿಸುವಾಗ ನಾನು ಸಾಕೆನ್ನಲು “ಬೊಡ್ಚಿ” ಎಂದೆ. ನಿನ್ನ ಮುಖ ಸಣ್ಣದಾಯಿತು. ಆಮೇಲೆ ಸುಧೀರ ಬೇಡ ಎಂಬುದಕ್ಕೆ ನಮ್ಮಲ್ಲಿ ಹಾಗೆ ಹೇಳುವುದೆಂದು ತಿಳಿಸಿದಾಗ ನೀನು ಹೊಟ್ಟೆ ಹಿಡಿದು ನಕ್ಕೆ. “ನಿಮ್ಮ ಭಾಷಾದಾಗ ಬ್ಯಾಡ ಅಂದ್ರ ಛೀ ಅಂತ ಬೈದಂಗ ಕೇಳಸ್ತದ ನೋಡ್ರಿ ಅತ್ತಿ!” ಎಂದೆ. ಆ ನಗು ನನಗೆ ಈಗಲೂ ಕೇಳಿಸುತ್ತದೆ. ಅದೇ ‘ಚಿ’ಯನ್ನು ನಾನು ಆಮೇಲೆ —

ಬರುತ್ತೇನೆ ಅಲ್ಲಿಗೆ.

ಅವನು ಡೊಂಬಿವಲಿಯಿಂದ ವಿಮಾನ ನಿಲ್ದಾಣಕ್ಕೆ ಹೋಗಿ ಬರುವ ಕಷ್ಟ ನಮ್ಮೆಲ್ಲರ ಕಣ್ಣೆದುರೇ ಇತ್ತು. ಕಂಪೆನಿಯ ಕಾರು ಥಾಣೆಯವರೆಗೆ ಮಾತ್ರ ಬಿಡುತ್ತಿತ್ತು. ಎರಡು ಹಾರಾಟದ ನಡುವೆ ಇಷ್ಟು ಹೊತ್ತು ಮಲಗಲೇಬೇಕೆಂದು ನಿಯಮ. ಆ ನಿದ್ದೆಯ ಅರ್ಧ ದಾರಿಗೆ ಹೋಗುತ್ತಿತ್ತು. ಸ್ಟ್ಯಾಂಡ್‌ಬೈ ಎಂದರೆ ಕರೆದ ಕೂಡಲೇ ಹೋಗಿ ನಿಲ್ಲಬೇಕು. ನಮ್ಮ ಮನೆಯಿಂದ ಅದು ಆಗುವ ಮಾತಲ್ಲ. “ಗೋವಾದಿಂದ ಒಂದು ಚಹಾ ಕುಡಿಯುವಷ್ಟರಲ್ಲಿ ಬಂದೆ. ಅಲ್ಲಿಂದ ಡೊಂಬಿವಲಿಗೆ ಬರುವಷ್ಟರಲ್ಲಿ ಗಡ್ಡ ಬೆಳೆಯಿತು,” ಎನ್ನುತ್ತಿದ್ದ. ನಗುತ್ತಲೇ ಹೇಳುತ್ತಿದ್ದ, ಆದರೆ ಕೂತಲ್ಲೇ ತೂಕಡಿಸುತ್ತಿದ್ದ.

ಈ ಮನೆ ಮಾರಿ ಮರೋಳ್‌ನಲ್ಲಿ ಸಣ್ಣದೊಂದು ತೆಗೆದುಕೊಳ್ಳೋಣ ಎಂದು ನೀವಿಬ್ಬರೂ ಹೇಳಿದಾಗ ನಾನು ಏನೇನು ನೆವ ತೆಗೆದೆ! ಪನ್ವೇಲ್ ಕಡೆ ಹೊಸ ವಿಮಾನ ನಿಲ್ದಾಣ ಬರುತ್ತದಂತೆ, ಆಗ ನಮಗೇ ಹತ್ತಿರ, ನನ್ನ ತಂಗಿಯ ಗಂಡ ಅದನ್ನು ನಂಬಿಯೇ ಕಾಮೋಠೆಯಲ್ಲಿ ಫ್ಲ್ಯಾಟ್ ಹಿಡಿದಿದ್ದಾನೆ, ಎಂದೆ. “ಅದು ಬರುವಾಗ ನಾನು ರಿಟೈರ್ ಆಗಿರುತ್ತೇನೆ ಅಮ್ಮ,” ಎಂದ ಸುಧೀರ. ರಿಟೈರ್ ಆಗುವಷ್ಟು ದಿನ ಅವನಿಗೆ ಇರಲಿಲ್ಲ.

ನಿನ್ನ ಮಾವ ಮಾತ್ರ ಏನೂ ಹೇಳದೆ ಒಂದು ದಿನ ಮಗನ ಜೊತೆ ಹೋಗಿ ಆ ಮನೆ ನೋಡಿ ಬಂದರು. ಬಂದು ನನ್ನ ಹತ್ತಿರ ಕುಳಿತು, “ಅಡಿಗೆಮನೆ ಸಣ್ಣದು. ಆದರೆ ಕಿಟಕಿಯಿಂದ ವಿಮಾನ ಇಳಿಯುವುದು ಕಾಣುತ್ತದೆ. ಅವನದ್ದು ಇಳಿಯಿತೆಂದರೆ ನೀನು ಅನ್ನಕ್ಕೆ ಇಡಬಹುದು,” ಎಂದರು. ಅವರು ಎಂದೂ ಅಷ್ಟು ಮಾತಾಡುವವರಲ್ಲ. ನಾನು ಎದ್ದು ಹೋದೆ.

ಬ್ರೋಕರನಿಗೆ ಮಾತು ಕೊಡುವುದೊಂದೇ ಬಾಕಿ ಇತ್ತು. ಅಷ್ಟರಲ್ಲಿ ಅವರಿಗೆ ಲಕ್ವ ಹೊಡೆಯಿತು.

ಆಸ್ಪತ್ರೆಯ ಆ ಮಧ್ಯಾಹ್ನ ನಿನಗೂ ನೆನಪಿದೆ. ಸುಧೀರ ಕೋಲ್ಕತ್ತಾಕ್ಕೆ ಹೋಗಿದ್ದ, ಫೋನು ಆಫ್ ಆಗಿತ್ತು. ನೀನು ಚಮಚದಲ್ಲಿ ಎಳನೀರು ಕೊಡುತ್ತಿದ್ದೆ. ಅವರು ಸರಿಯಿದ್ದ ಕೈಯಿಂದ ನನ್ನ ಮಣಿಕಟ್ಟು ಹಿಡಿದರು. ಸುಧೀರನ ಹೆಸರು ಹೇಳಿದರು. ಆಮೇಲೆ, ನಿನ್ನ ಕಡೆ ಒಮ್ಮೆ ನೋಡಿ, ಬಹಳ ಕಷ್ಟದಿಂದ — “ಇಲ್ಲ್ ಬುಡೊಡು.”

ಮನೆ ಬಿಡಬೇಕು. ತುಳುವಿನಲ್ಲಿ ಅದಕ್ಕೆ ಬೇರೆ ಅರ್ಥ ಇಲ್ಲ. ಅಟ್ಟದ ಮೇಲೆ ವರ್ಷಗಟ್ಟಲೆ ಸಂಸಾರ ಬಿಟ್ಟು ಮಲಗಿದ ಮನುಷ್ಯ, ತನ್ನ ಮಗ ಹಾಗೆ ಮಲಗಬಾರದೆಂದು ಹೇಳಿದ ಮಾತು. ನನಗೆ ಅದು ಆಗಲೇ ಅರ್ಥವಾಗಿತ್ತು. ಈಗ ಅರ್ಥವಾಯಿತು ಎಂದು ಬರೆದರೆ ಅದು ಇನ್ನೊಂದು ಸುಳ್ಳು.

“ಏನಂದ್ರುರೀ ಅತ್ತಿ ಮಾವಾರು?” ಎಂದು ನೀನು ಕೇಳಿದೆ.

“ಮನೆ ಬಿಡಬಾರದಂತೆ,” ಎಂದೆ.

ಅವರು ಕೇಳಿಸಿಕೊಂಡರು. ಕನ್ನಡ ಅವರಿಗೆ ಚೆನ್ನಾಗಿ ಬರುತ್ತಿತ್ತಲ್ಲ. ನನ್ನ ಮಣಿಕಟ್ಟಿನ ಮೇಲಿದ್ದ ಕೈ ಸಡಿಲವಾಯಿತು. ಮತ್ತೆ ಬಾಯಿ ತೆರೆಯಲು ನೋಡಿದರು, ಆಗಲಿಲ್ಲ. ನೀನು ದಣಿದಿದ್ದಾರೆಂದು ತಲೆದಿಂಬು ಸರಿ ಮಾಡಿದೆ. ಮರುದಿನ ಬೆಳಿಗ್ಗೆ ಅವರು ಹೋದರು. ಆ ನಡುವೆ ನನ್ನನ್ನೇ ನೋಡುತ್ತಿದ್ದರು ಶೈಲಾ. ನಾನು ಕಿಟಕಿಯ ಕಡೆ ತಿರುಗಿ ಕುಳಿತಿದ್ದೆ.

ಸುಧೀರನಿಗೆ ಆ ಮಾತು ಮುಟ್ಟಿಸಿದವಳು ನೀನು. ಮರೋಳಿನ ಮನೆ ನಿನಗೆ ಎಷ್ಟು ಬೇಕಿತ್ತೆಂದು ನನಗೆ ಗೊತ್ತಿತ್ತು. ಪರದೆಯ ಬಣ್ಣ ಕೂಡ ನೀವಿಬ್ಬರೂ ಆರಿಸಿಯಾಗಿತ್ತು. ನೀನು ಹೇಳದೆ ಇದ್ದಿದ್ದರೆ ಯಾರು ಕೇಳುತ್ತಿದ್ದರು? ಆದರೂ ನಿನಗೇ ನಷ್ಟವಾಗುವ ಮಾತನ್ನು ನೀನು ಮುಚ್ಚಿಡದೆ ಗಂಡನಿಗೆ ಹೇಳಿದೆ. ನನ್ನ ಸುಳ್ಳನ್ನು ನಿನ್ನ ಪ್ರಾಮಾಣಿಕ ಬಾಯಿಂದ ಹೇಳಿಸಿದೆ ನಾನು.

ಕ್ರಿಯೆ ಎಲ್ಲ ಮುಗಿದ ಮೇಲೆ ಗ್ಯಾಲರಿಯಲ್ಲಿ, ಒಣಹಾಕಿದ ಬಟ್ಟೆಗಳ ನಡುವೆ ನಿಂತು, ಅವನು ನನ್ನನ್ನು ತುಳುವಿನಲ್ಲಿ ಕೇಳಿದ: “ಅಮ್ಮ, ಅಪ್ಪ ಸರಿಯಾಗಿ ಯಾವ ಶಬ್ದ ಹೇಳಿದ್ದು?”

“ಶೈಲಾ ಹೇಳಿದಳಲ್ಲ.”

“ಅವಳು ಕನ್ನಡದಲ್ಲಿ ಹೇಳಿದ್ದು. ಅಪ್ಪ ಕನ್ನಡದಲ್ಲಿ ಹೇಳಿರಲಿಕ್ಕಿಲ್ಲ. ಆ ಮನೆ ಅವರಿಗೆ ಇಷ್ಟವಾಗಿತ್ತಲ್ಲ?”

ಅವನು ನಿನ್ನನ್ನೂ ಕರೆದು ಕೇಳಿದ. ನೀನು ಕಣ್ಣು ಮುಚ್ಚಿ ನೆನಪು ಮಾಡಿಕೊಂಡೆ. “ಇಲ್ಲ್ ಬುಡೊ... ಅಂದ್ರುರೀ. ಮುಂದಿಂದು ನನ್ನ ಕಿವಿಗೆ ಹತ್ತಲಿಲ್ಲ.”

ಇಬ್ಬರೂ ನನ್ನ ಮುಖ ನೋಡಿದಿರಿ. ಆಸ್ಪತ್ರೆಯಲ್ಲಿ ಗಾಬರಿಯಲ್ಲಿ ಹೇಳಿದೆ ಎಂದುಕೊಳ್ಳಬಹುದಿತ್ತು. ಇಲ್ಲಿ ಗಾಬರಿ ಇರಲಿಲ್ಲ. ಗಂಡನ ಅರ್ಧ ಮಾತು ನನ್ನ ಮುಂದೆ ಇತ್ತು, ಪೂರ್ತಿ ಮಾಡಬೇಕಾದವಳು ನಾನೊಬ್ಬಳೇ. ಬುಡೊಡು ಎಂದರೆ ಬಿಡಬೇಕು. ಕೊನೆಯಲ್ಲಿ ಒಂದು ‘ಚಿ’ ಸೇರಿದರೆ —

“ಇಲ್ಲ್ ಬುಡೊಡ್ಚಿ,” ಎಂದೆ.

“ಹೌದ್ರೀ, ಹಂಗ ಅಂದ್ರು,” ಎಂದೆ ನೀನು. ಪಾಪ, ನಿನಗೂ ಹಾಗೆಯೇ ಕೇಳಿಸಿದಂತೆ ಅನ್ನಿಸಿತು. ಸುಧೀರ “ಆಯ್ತು,” ಎಂದ. ಅಲ್ಲೇ ನಿಂತು ಬ್ರೋಕರನಿಗೆ ಫೋನು ಮಾಡಿದ.

ನಾನು ಅವನನ್ನು ಮನೆಯಲ್ಲಿ ಉಳಿಸಿಕೊಂಡೆನೇ? ಮನೆ ಮಾತ್ರ ಉಳಿಯಿತು. ಕೆಲವೇ ತಿಂಗಳಲ್ಲಿ ಅವನು ಮರೋಳ್‌ನಲ್ಲೇ ಒಂದು ಕೋಣೆಯಲ್ಲಿ ಬಾಡಿಗೆಗೆ ಮಂಚ ಹಿಡಿದ — ಬೇರೆ ಊರುಗಳಲ್ಲಿ ಸಂಸಾರ ಬಿಟ್ಟು ಬಂದ ಪೈಲಟ್‌ಗಳ ಜೊತೆ. ಡ್ಯೂಟಿ ಒಂದರ ಹಿಂದೆ ಒಂದು ಇದ್ದಾಗ ಅಲ್ಲೇ. ಸ್ಟ್ಯಾಂಡ್‌ಬೈ ಇದ್ದಾಗ ಅಲ್ಲೇ. ಮಳೆಗಾಲದಲ್ಲಿ ಲೋಕಲ್ ನಿಂತರೆ ಅಲ್ಲೇ. ತಂದೆ ಫೋರ್ಟಿನ ಅಟ್ಟದ ಮೇಲೆ. ಮಗ, ತೋಳಿನ ಮೇಲೆ ಬಂಗಾರದ ಪಟ್ಟಿಗಳಿದ್ದವನು, ಮರೋಳಿನ ಮಂಚದ ಮೇಲೆ. ಬಟ್ಟೆ ಒಗೆಯಲು ಮಾತ್ರ ಮನೆಗೆ ಬರುತ್ತೇನೆ ಎಂದು ತಾನೇ ಹಾಸ್ಯ ಮಾಡುತ್ತಿದ್ದ. ಒಂದು ಸಲ ಅವನು ಚೀಲ ಎಳೆದುಕೊಂಡು ಬಾಗಿಲಲ್ಲಿ ನಿಂತಾಗ, ಅನು ಮರಾಠಿಯಲ್ಲಿ ಒಳಗೆ ಕೂಗಿದಳು: “ಆಜೀ, ಪಾಹುಣೆ ಆಲೇ!” ಅಜ್ಜಿ, ನೆಂಟರು ಬಂದರು. ಅವಳದು ತಮಾಷೆ. ಎಲ್ಲರೂ ನಕ್ಕರು, ಸುಧೀರನೂ ನಕ್ಕ, ಬೂಟು ಬಿಚ್ಚಲು ಬಗ್ಗಿದವನು ಬಹಳ ಹೊತ್ತು ತಲೆ ಎತ್ತಲಿಲ್ಲ.

ಆಗ ಹೇಳಬಹುದಿತ್ತು. ಅದಾದ ಮೇಲೂ ಎಷ್ಟೋ ದಿನಗಳಿದ್ದವು. ಅವನು ಕ್ಯಾಪ್ಟನ್ ಆದ ದಿನ, ಬಾಗಿಲಿನ ಹಲಗೆ ತೋರಿಸಿ “ಈಗ ಇದು ನಿಜವಾಯಿತು ಅಮ್ಮ” ಎಂದ. ನಾನು ಪಾಯಸ ಬಡಿಸಿದೆ.

ಹೋದ ಮಳೆಗಾಲದಲ್ಲಿ, ಸ್ಟ್ಯಾಂಡ್‌ಬೈ ಇದ್ದ ಬೆಳಿಗ್ಗೆ, ಕಂಪೆನಿಯವರು ಕರೆದರು, ಅವನು ಫೋನು ಎತ್ತಲಿಲ್ಲ. ಜೊತೆಗಿದ್ದ ಹುಡುಗರೆಲ್ಲ ಹಾರಾಟದಲ್ಲಿದ್ದರು. ವರ್ಷವರ್ಷವೂ ಡಾಕ್ಟರುಗಳು ನೋಡಿ ಸರಿ ಇದೆ ಎನ್ನುತ್ತಿದ್ದ ಎದೆ, ಮರೋಳಿನ ಆ ಮಂಚದ ಮೇಲೆಯೇ ನಿಂತುಹೋಗಿತ್ತು. “ಪಕ್ಕದಲ್ಲಿ ಯಾರಾದರೂ ಇದ್ದಿದ್ದರೆ...” ಎಂದು ಆಸ್ಪತ್ರೆಯವರು ನಿನ್ನ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದರು. ಬದುಕುತ್ತಿದ್ದನೋ ಇಲ್ಲವೋ, ನನಗೆ ಗೊತ್ತಿಲ್ಲ. ಅದನ್ನು ಯಾರೂ ಹೇಳಲಾರರು. ಆದರೆ ಪಕ್ಕದಲ್ಲಿ ನೀನು ಇರುತ್ತಿದ್ದೆ. ಅಷ್ಟು ಗೊತ್ತು. ಅದಕ್ಕೆ ಮೊದಲಿನ ಅಷ್ಟೂ ವರ್ಷದ ಸಂಜೆಗಳಲ್ಲಿ ಇರುತ್ತಿದ್ದೆ — ಅವನ ವಿಮಾನ ಇಳಿಯಿತೆಂದು ಅನ್ನಕ್ಕೆ ಇಡುತ್ತಾ. ನಾನು ನಿನ್ನಿಂದ ತೆಗೆದುಕೊಂಡದ್ದು ಅದು.

ಅವನ ಜೊತೆಯವರು ಮಾತಾಡಿಸಲು ಬಂದಾಗ ನೀನು ಹೇಳಿದೆ, ನಾನು ಒಳಗಿನಿಂದ ಕೇಳಿದೆ: “ಅಪ್ಪನ ಮಾತು ಉಳಿಸಿದ್ರು. ಎಷ್ಟ್ ತ್ರಾಸ ಆದ್ರೂ ಈ ಮನಿ ಬಿಡಲಿಲ್ಲ.” ಅನುವಿಗೂ ನೀನು ಆ ಮಾತು ಕಲಿಸಿದ್ದೀ. ಹಿಂದಿ, ಮರಾಠಿ ಬಿಟ್ಟು ಮಾತಾಡದ ಹುಡುಗಿ, ಅಜ್ಜನ ಪಟಕ್ಕೆ ಹೂವಿಡುವಾಗ ತುಳುವಿನಲ್ಲಿ ಅದೊಂದನ್ನು ಹೇಳುತ್ತಾಳೆ, ‘ಚಿ’ಯನ್ನು ಒತ್ತಿ. ಪಟದೊಳಗಿಂದ ಅವರು ನನ್ನನ್ನೇ ನೋಡುತ್ತಾರೆ.

ನಿನ್ನೆ ಸೊಸೈಟಿಯ ಸೆಕ್ರೆಟರಿಗೆ ಮನೆ ಮಾರುವುದಿದೆ ಎಂದು ಹೇಳಿ ಬಂದೆ. ಪುಣೆಯವರಿಗೆ ನೀನು ಮತ್ತೆ ಫೋನು ಮಾಡು. ಶಾಲೆ ಶುರುವಾಗಲು ಇನ್ನೂ ಸಮಯವಿದೆ. ಇದನ್ನು ಓದಿದ ಮೇಲೆ ನನ್ನ ಜೊತೆ ಮಾತಾಡಬೇಕೋ ಬೇಡವೋ, ಅದು ನಿನಗೆ ಬಿಟ್ಟದ್ದು. ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಬೇಕಾದ ಇಬ್ಬರೂ ಇಲ್ಲ, ನಿನ್ನೊಬ್ಬಳಿಂದ ಅವರ ಪಾಲಿನದನ್ನೂ ಹೇಗೆ ಕೇಳಲಿ? ಯಾರು ಎಲ್ಲಿರಬೇಕೆಂದು ಇಷ್ಟು ವರ್ಷ ನಾನೇ ತೀರ್ಮಾನಿಸಿದೆ. ಇನ್ನು ನಾನು ಎಲ್ಲಿ ಇರಬೇಕೆಂದು ನಾನು ಹೇಳುವುದಿಲ್ಲ. ತಂಗಿ ಕಾಮೋಠೆಯಲ್ಲಿದ್ದಾಳೆ, ನನ್ನ ಚಿಂತೆ ನಿನಗೆ ಬೇಡ.

ಅನುವಿಗೆ ಮಾತ್ರ ಸರಿಯಾದ ಮಾತು ಕಲಿಸು. ಅವಳ ಅಜ್ಜ ಹೇಳಿದ್ದು ಹೀಗೆ: ಇಲ್ಲ್ ಬುಡೊಡು. ನೀನು ಅವತ್ತು ಕೇಳಿಸಿಕೊಂಡದ್ದು ಸರಿಯಾಗಿಯೇ ಇತ್ತು, ಶೈಲಾ. ಅದರ ಮುಂದೆ ಇನ್ನೊಂದೇ ಅಕ್ಷರ — ‘ಡು’.