ಗೌರಕ್ಕ ಎತ್ತಿಕೊಂಡು ಹೊರಟ ಕುದುರೆ

ಏಳನೇ ಕ್ಲಾಸಿನ ಗಣಿತ ಪರೀಕ್ಷೆಯ ಸೋಮವಾರ ಮನೆ ಬಿಟ್ಟು ಹೊರಟವನು ನಾನು. ಈಗ ಊರೂರು ತಿರುಗಿ ಸಹಾಯಾರ್ಥ ಹರಾಜು ಕೂಗುತ್ತೇನೆ.

ರಾಮನಗರದಲ್ಲಿ ಕಿವುಡ ಮಕ್ಕಳ ಶಾಲೆಗೆ ವ್ಯಾನು ಕೊಳ್ಳಲು ಒಂದು ಹರಾಜಿತ್ತು. ಚನ್ನಪಟ್ಟಣದ ಗೌರಕ್ಕ ತಾವೇ ಬಣ್ಣ ಹಾಕಿದ ಮರದ ಕುದುರೆ ಕೊಟ್ಟಿದ್ದರು. ಮುಂದಿನ ಸಾಲಿನಲ್ಲಿ ಕೂತವರೆಲ್ಲ ರೇಷ್ಮೆಗೂಡಿನ ಮಾರ್ಕೆಟ್ಟಿನ ವ್ಯಾಪಾರಿಗಳು. ಇದು ದಾನದ ಹರಾಜೆಂಬುದನ್ನೇ ಮರೆತು, ಗೂಡು ನೋಡುವಂತೆ ಕುದುರೆಯನ್ನು ಅಲ್ಲಾಡಿಸಿ, "ಬಾಲ ಒಸಿ ಮೋಟು ಐತೆ ಕಣ್ಲಾ" ಎಂದು ಮಾತಾಡಿಕೊಂಡು ಐನೂರಕ್ಕೆ ನಿಂತುಬಿಟ್ಟರು. ಅದರಲ್ಲಿ ವ್ಯಾನಿನ ಟೈರೂ ಬರುತ್ತಿರಲಿಲ್ಲ.

ನಾನು ಎರಡನೇ ಸಲ ಕೂಗುವಷ್ಟರಲ್ಲಿ ಗೌರಕ್ಕ ವೇದಿಕೆ ಹತ್ತಿ, "ಈ ರೇಟ್ಗೆ ಕೊಡಾಕಿಲ್ಲ ಕಣ್ರಪ್ಪಾ" ಎಂದು ಕುದುರೆಯನ್ನು ಕಂಕುಳಲ್ಲಿ ಇರುಕಿಕೊಂಡು ಹೊರಟೇಬಿಟ್ಟರು. ಹರಾಜು ಕೆಟ್ಟಿತು ಎಂದುಕೊಂಡೆ. ಆದರೆ ಗೂಡಿನ ಮಾರ್ಕೆಟ್ಟಿನಲ್ಲಿ ರೈತ ಒಪ್ಪದೆ ಎದ್ದು ನಿಂತರೇನೇ ಅಸಲಿ ವ್ಯಾಪಾರ ಶುರುವಂತೆ.

"ಅಕ್ಕಾ, ಒಸಿ ನಿಂತ್ಕಳಿ!" ಎಂದು ಸಾಲಿಗೆ ಸಾಲೇ ಎದ್ದಿತು. ಗೌರಕ್ಕ ಬಾಗಿಲು ಮುಟ್ಟುವುದರೊಳಗೆ ವ್ಯಾನಿನ ಮುಂಗಡಕ್ಕಾಗುವಷ್ಟು ಬೆಲೆ ಏರಿತ್ತು.

"ಮುಂದಿನ ವರ್ಷವೂ ನೀವೇ ಬನ್ನಿ, ಇದೇ ಸಂಭಾವನೆಗೆ" ಎಂದು ಹರಾಜು ಮುಗಿದ ಮೇಲೆ ಶಾಲೆಯ ಮೇಷ್ಟ್ರು ನನಗೆ ಹೇಳಿದರು.

"ಈ ರೇಟ್ಗೆ ಬರಾಕಿಲ್ಲ" ಎಂದು ನಾನೂ ಮೈಕನ್ನು ಬ್ಯಾಗಿಗೆ ತುಂಬಿಕೊಂಡು, ಆದಷ್ಟು ನಿಧಾನವಾಗಿ ಬಾಗಿಲವರೆಗೆ ನಡೆದೆ. ಯಾರೂ ಕರೆಯಲಿಲ್ಲ. ಪುಣ್ಯಕ್ಕೆ ಬಸ್ ಸ್ಟ್ಯಾಂಡು ಹತ್ತಿರವೇ ಇತ್ತು.